ಬೋರಲು ಹಾಕಿದ ಲೋಟಗಳು

ನಮ್ಮೂರಿನಲ್ಲಿ ಪಾತ್ರೆ ತೊಳೆಯುವವರು ಬೇಕಾದಷ್ಟು ಜನ, ಹೊತ್ತುಕೊಂಡು ಮನೆಗೆ ಹೋಗುವವರು ಒಬ್ಬರೂ ಇಲ್ಲ. ಆ ಕೆಲಸ ನನ್ನದು, ಅದನ್ನೂ ನಾನು ಬಾಯಲ್ಲೇ ಮಾಡುತ್ತೇನೆ. ಬೆಳಿಗ್ಗೆ ಕೊಳಾಯಿ ಕಟ್ಟೆಯ ಮೇಲೆ ಊರಿನ ಲೋಟಗಳೆಲ್ಲ ತೊಳೆದು ರಾಶಿ ಬಿದ್ದ ಮೇಲೆ ನಾನು ಮೆಟ್ಟಿಲು ಹತ್ತಿ ನಿಂತು, ಗಂಟಲು ಸರಿಮಾಡಿಕೊಂಡು, "ದ ಟಂಬ್ಲರ್ಸ್ ಆರ್ ಇನ್ ದ ಕಿಚನ್ಸ್" ಎನ್ನುತ್ತೇನೆ. ಕಣ್ಣು ಮಿಟುಕಿಸುವುದರೊಳಗೆ ಕಟ್ಟೆ ಖಾಲಿ. ಬೀದಿ ಬೀದಿಯ ಅಡುಗೆಮನೆಗಳಿಂದ ಠಣ್ ಠಣ್ ಎಂದು ಸದ್ದು ಕೇಳುತ್ತದೆ. ಆಮೇಲೆ ತಟ್ಟೆಗಳು, ಆಮೇಲೆ ಸೌಟುಗಳು. ಇದಕ್ಕೆ ಪಂಚಾಯ್ತಿಯವರು ನನಗೆ ಸಂಬಳ ಕೊಡುತ್ತಾರೆ, ಅವರಿಗೆ ನೆನಪಾದಾಗ.

ನನ್ನ ಹೆಸರು ಸಾಕಮ್ಮ. ಒಂದರ ಹಿಂದೊಂದು ಹೆಣ್ಣೇ ಹುಟ್ಟಿ ಬೇಸತ್ತ ನಮ್ಮಪ್ಪ ಇಟ್ಟ ಹೆಸರು. ಸಾಕು ಅಂದರೂ ನನ್ನ ಹಿಂದೆ ಇನ್ನೂ ಇಬ್ಬರು ತಂಗಿಯರು ಹುಟ್ಟಿದರು, ಆ ಮಾತು ಬೇರೆ. ಊರಿನವರು ನನ್ನನ್ನು ಮಿಸ್ಸಮ್ಮ ಎನ್ನುತ್ತಾರೆ. ನಾನು ಈ ಊರಿಗೆ ಸೊಸೆಯಾಗಿ ಬಂದವಳು. ತವರಿನಲ್ಲಿ ಇಂಗ್ಲಿಷ್ ಓದಿದ್ದೆ, ಇಲ್ಲಿ ಅದು ಲೋಟ ಸಾಗಿಸುವುದಕ್ಕೆ ಬರುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ನನಗಿಂತ ಮುಂಚೆ ಈ ಕೆಲಸದಲ್ಲಿದ್ದ ಪದ್ಮನಾಭ ಮೇಷ್ಟ್ರು, ವಯಸ್ಸಾಗಿ ಹಲ್ಲು ಉದುರಿ ಮಾತು ತೊದಲತೊಡಗಿದಾಗ, ನನ್ನನ್ನು ಕರೆದು ಕೂರಿಸಿಕೊಂಡು ಹೇಳಿಕೊಟ್ಟಿದ್ದರು: "ನೋಡಮ್ಮಾ, ನಮ್ಮ ಕನ್ನಡದಲ್ಲಿ ಮೊದಲು ಮೇಜು, ಆಮೇಲೆ 'ಮೇಲೆ'. ಇಂಗ್ಲಿಷ್‌ನೋರಿಗೆ ತಡೆಯಕ್ಕಾಗಲ್ಲ. ಮೊದಲೇ 'ಆನ್' ಅಂದ್ಬಿಡ್ತಾರೆ, ಟೇಬಲ್ಲು ಆಮೇಲೆ ಬರ್ತದೆ. ಈ ಇನ್ನು, ಆನು, ಅಂಡರು ಇದಾವಲ್ಲ, ಇವು ಮುಂದಾಳುಗಳು. ಮುಂದಾಳು ಅಂದ್ಮೇಲೆ ಬೆನ್ನ ಹಿಂದೆ ಗುಂಪಿರಬೇಕು. ಒಂದೇ ಒಂದಿದ್ರೆ ಅವನ ಮಾತು ಯಾರೂ ಕೇಳಲ್ಲ."

ಅದು ನಿಜ. "ದ ಟಂಬ್ಲರ್ ಈಸ್ ಇನ್ ದ ಕಿಚನ್" ಎಂದು ಗಂಟಲು ಹರಿದುಕೊಂಡರೂ ಲೋಟ ಕದಲುವುದಿಲ್ಲ. ಹಲವು ಇರಬೇಕು, ಹಲವು ಕಡೆಗೆ ಹೋಗಬೇಕು, ಹೊರಡುವಾಗ ನನ್ನ ದನಿ ಮುಟ್ಟುವಷ್ಟು ದೂರದಲ್ಲಿರಬೇಕು. ಎಣಿಕೆಗೆ ಸಿಗದ ನೀರು, ಹಾಲು, ಮಜ್ಜಿಗೆಗಳನ್ನು ಹೊತ್ತೇ ತರಬೇಕು. ಕನ್ನಡದಲ್ಲಿ ಹೇಳಿದರಂತೂ ಪಾತ್ರೆಗಳು ಕಿವಿಯ ಮೇಲೇ ಹಾಕಿಕೊಳ್ಳುವುದಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ. ಮನೆಯಲ್ಲಿ ದೋಸೆ ಕಾವಲಿ ಮೊದಲನೇ ದೋಸೆಯನ್ನು ಯಾಕೆ ಬಿಡುವುದಿಲ್ಲ ಎಂದು ಕೇಳಿದರೆ ನೀವೇನು ಹೇಳುತ್ತೀರಿ, ಹಾಗೇ ಇದು.

ತೊಂದರೆ ಇರುವುದು ಒಂದೇ. ಲೋಟಗಳು ಅಡುಗೆಮನೆಗಳಿಗೆ ಹೋಗುತ್ತವೆ ನಿಜ, ಯಾವ ಲೋಟ ಯಾವ ಅಡುಗೆಮನೆಗೆ ಎಂಬುದು ಮಾತ್ರ ಅವುಗಳ ಇಷ್ಟ. ಹಾಗಾಗಿ ನಮ್ಮೂರಲ್ಲಿ ಬಂದ ಲೋಟವೇ ನಮ್ಮ ಲೋಟ. ನಾನು ಬೆಳಗಿನ ಕಾಫಿ ಕುಡಿಯುವ ಲೋಟದ ಮೇಲೆ ಒಂದು ದಿನ "ಶಿವನಂಜಪ್ಪನವರ ಗೃಹಪ್ರವೇಶದ ನೆನಪಿಗೆ" ಎಂದು ಕೊರೆದಿರುತ್ತದೆ, ಮಾರನೆಯ ದಿನ ಯಾರದೋ ಸೀಮಂತದ ನೆನಪಿಗೆ ಎಂದಿರುತ್ತದೆ. ಹೊಸಬರಿಗೆ ಇದು ಕಸಿವಿಸಿ. ನಮಗೆ ರೂಢಿ. ಯಾವುದಾದರೂ ಪಾತ್ರೆಯ ಮೇಲೆ ತೀರಾ ಆಸೆ ಇದ್ದರೆ ಅದನ್ನು ಕಟ್ಟೆಯ ಮೇಲೆ ಬೋರಲು ಹಾಕಿಟ್ಟರೆ ಸಾಕು. ಬೋರಲು ಹಾಕಿದ ಪಾತ್ರೆಯನ್ನು ಮಾತು ಮುಟ್ಟುವುದಿಲ್ಲ. ಆಮೇಲೆ ಅದನ್ನು ನೀವೇ ಸೆರಗಿನಲ್ಲಿ ಕಟ್ಟಿಕೊಂಡು ಹೋಗಬೇಕು, ಬೀದಿಯವರೆಲ್ಲ ನೋಡಿ ಮೂಗು ಮುರಿಯುತ್ತಾರೆ, ಅಷ್ಟೆ.

ಮನುಷ್ಯರನ್ನು ಮಾತ್ರ ಇಂಗ್ಲಿಷಿನಲ್ಲಿ ಎತ್ತುವ ಹಾಗಿಲ್ಲ ಎಂದು ಪಂಚಾಯ್ತಿಯ ನಿರ್ಣಯವಿದೆ. ಪದ್ಮನಾಭ ಮೇಷ್ಟ್ರು ಒಂದು ಮದುವೆಯಲ್ಲಿ, ಊಟ ತಡವಾಯಿತೆಂದು ಗೊಣಗುತ್ತಿದ್ದ ನೆಂಟರನ್ನು ಸಮಾಧಾನ ಮಾಡಲು ಹೋಗಿ, "ದ ಗೆಸ್ಟ್ಸ್ ಆರ್ ಇನ್ ದ ಹೌಸಸ್" ಎಂದುಬಿಟ್ಟಿದ್ದರಂತೆ. ಚಪ್ಪರ ಖಾಲಿ. ಮದುವೆ ಗಂಡೂ ನೆಂಟರ ಊರಿನವನೇ ಆದ್ದರಿಂದ ಅವನೂ ಮಾಯ. ಮುಹೂರ್ತ ಮೀರಿದ ಮೇಲೆ ಸಿಕ್ಕಿದ, ಗಾಣಿಗರ ಮನೆಯಲ್ಲಿ ಬಾಸಿಂಗ ಬಿಚ್ಚಿಟ್ಟು ಉಪ್ಪಿಟ್ಟು ತಿನ್ನುತ್ತಿದ್ದ. ಅಂದಿನಿಂದ ನಮ್ಮೂರಿನವರು ಮಧ್ಯಾಹ್ನ ಒಂದು ಗಳಿಗೆ ಅಡ್ಡಾದರೂ ಬೋರಲೇ ಮಲಗುತ್ತಾರೆ, ಯಾರ ಬಾಯಿ ಯಾವಾಗ ಜಾರುತ್ತದೋ ಯಾರಿಗೆ ಗೊತ್ತು.

ಇನ್ನು ದ್ಯಾವಕ್ಕನ ವಿಷಯ. ನದಿ ಬೀದಿಯಲ್ಲಿ ನನ್ನ ಮನೆ, ಗೋಡೆಯಾಚೆಗೆ ದ್ಯಾವಕ್ಕನ ಮನೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಪಾತ್ರೆಗಳು ಹಾರಾಡುವ ಊರು ನೋಡಿ ಹೆದರಿ, ಹಿತ್ತಲಲ್ಲಿ ಕೂತು ಅಳುತ್ತಿದ್ದಾಗ ಗೋಡೆಯ ಮೇಲಿಂದ ಒಂದು ಕೈ ಇಳಿದು ಬಂತು. ಆ ಕೈಯಲ್ಲಿ ಕಂಚಿನ ಲೋಟ, ಲೋಟದ ತುಂಬ ಕಾಫಿ. "ಕುಡಿಯೇ ಹುಡುಗಿ. ಇಲ್ಲಿ ಲೋಟ ಹೋಗ್ತವೆ, ಬರ್ತವೆ. ನಾವು ಎಲ್ಲಿಗೂ ಹೋಗಲ್ಲ" ಎಂದಳು. ಅದು ಅವಳಮ್ಮ ಕೊಟ್ಟುಹೋದ ಜೋಡಿ ಲೋಟ. ಅಂಚಿಗೆ ಸುತ್ತಲೂ ಚುಕ್ಕಿ ಕೊರೆದಿತ್ತು. ಒಂದರಲ್ಲಿ ನಾನು ಕುಡಿದೆ, ಇನ್ನೊಂದರಲ್ಲಿ ಅವಳು. ಆಮೇಲೆ ದಿನವೂ ಹಾಗೇ. ಅವಳಿಗೆ ಗಂಡ ಮಕ್ಕಳು ಇರಲಿಲ್ಲ. ನನಗೆ ಅವಳ ಹೊರತು ಈ ಊರಿನಲ್ಲಿ ಜೀವ ಹಚ್ಚಿಕೊಂಡವರು ಇರಲಿಲ್ಲ, ಕಟ್ಟಿಕೊಂಡ ಗಂಡನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಒಂದು ದಿನ ಆ ಜೋಡಿಯನ್ನು ಕಟ್ಟೆಯ ಮೇಲೆ ಎಂದಿನಂತೆ ಬೋರಲು ಹಾಕಿ ದ್ಯಾವಕ್ಕ ಸೊಪ್ಪಿನವಳ ಜೊತೆ ಚೌಕಾಸಿಗೆ ಹೋದಳು. ಯಾರೋ ಪುಣ್ಯಾತ್ಗಿತ್ತಿ ಜಾಗ ಮಾಡಲು ಹೋಗಿ ಒಂದನ್ನು ಎತ್ತಿ ನೆಟ್ಟಗೆ ಇಟ್ಟಿದ್ದಾಳೆ. ನಾನು ಮೆಟ್ಟಿಲ ಮೇಲಿಂದ ನನ್ನ ಮಾತು ಹೇಳಿದೆ. ಒಂದು ಉಳಿಯಿತು, ಒಂದು ಹೋಯಿತು. ತಪ್ಪು ನನ್ನದಲ್ಲ, ಇವತ್ತಿಗೂ ಹೇಳುತ್ತೇನೆ, ರಾಶಿಯಲ್ಲಿ ಏನಿದೆ ಎಂದು ಕೆದಕಿ ನೋಡುವುದು ನನ್ನ ಕೆಲಸವಲ್ಲ. ದ್ಯಾವಕ್ಕ ನನ್ನನ್ನು ಬೈಯಲೂ ಇಲ್ಲ. ಮನೆ ಮನೆಗೆ ಹೋಗಿ ಕೇಳಿದಳು. ಇಲ್ಲ, ಇಲ್ಲ, ನಮ್ಮಲ್ಲಿಗೆ ಬಂದಿಲ್ಲ. ದಿನಗಟ್ಟಲೆ ಕೇಳಿದಳು. ಕಂಚು ನೋಡಿ ಯಾರೋ ಬಚ್ಚಿಟ್ಟುಕೊಂಡಿದ್ದಾರೆ ಎಂದು ಅವಳ ತಲೆಗೆ ಹೊಕ್ಕಿತು. ಕಡೆಗೊಂದು ದಿನ ಕಟ್ಟೆಯ ಮುಂದೆ ನಿಂತು, "ಕಳ್ಳರ ಊರು ಇದು. ನಂದು ಅನ್ನೋದನ್ನ ನಂದು ಅಂತ ಇಟ್ಕೊಳ್ಳೋಕೆ ಬಿಡದ ಊರು" ಎಂದು ಕೂಗಿ, ಮನೆಗೆ ಬೀಗ ಜಡಿದು, ಹೊಳೆಯ ನಡುಗಡ್ಡೆಗೆ ಹೋಗಿ ಗುಡಿಸಲು ಹಾಕಿಕೊಂಡುಬಿಟ್ಟಳು. ನನಗೆ ಒಂದು ಮಾತೂ ಹೇಳಲಿಲ್ಲ.

ನಡುಗಡ್ಡೆಗೆ ನನ್ನ ದನಿ ಮುಟ್ಟುವುದಿಲ್ಲ. ಅದನ್ನು ನೋಡಿಯೇ ಅವಳು ಆ ಜಾಗ ಹಿಡಿದದ್ದು. ಮರಳಿನಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದಳು, ಹರಿಗೋಲಿನ ಈರಭದ್ರ ಅದನ್ನು ಸಂತೆಗೆ ಸಾಗಿಸುತ್ತಿದ್ದ. ಅವನ ಬಾಯಿಂದ ನನಗೆ ಸುದ್ದಿ ಸಿಗುತ್ತಿತ್ತು. "ಏನ್ ಹೇಳ್ಲಿ ಮಿಸ್ಸಮ್ಮೋರೆ, ಆಯಮ್ಮ ಒಂದೇ ತಟ್ಟೆ, ಒಂದೇ ಲೋಟ, ಒಂದೇ ಮಡಕೆ ಇಟ್ಕೊಂಡವ್ರೆ. ಮೇಕೆನೂ ಒಂದೇ. ಇನ್ನೊಂದು ಚಾಪೆ ತಂದ್ಕೊಡ್ಲಾ ಅಂದ್ರೆ, ಎರಡಾದ್ರೆ ನಿಮ್ಮ ಮಿಸ್ಸಮ್ಮನ ಬಾಯಿಗೆ ಬೀಳ್ತದೆ ಕಣಯ್ಯ ಅಂತಾರೆ." ಕೇಳಿ ನನಗೆ ನಗು ಬಂತು, ಹಿಂದೆಯೇ ಸಂಕಟವೂ ಆಯಿತು. ಒಂಟಿಯಾಗಿದ್ದದ್ದನ್ನು ಯಾವ ಮುಂದಾಳೂ ಅಲ್ಲಾಡಿಸಲಾರ ಎಂಬ ನಮ್ಮೂರಿನ ಲೆಕ್ಕವನ್ನು ಅವಳು ತನ್ನ ಬದುಕಿಗೇ ಹಾಕಿಕೊಂಡಿದ್ದಳು.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಾನು ಮನೆಯಲ್ಲಿ ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಚಟಪಟ ಎಂದದ್ದು ಕೇಳಿಸಿತು. ಮರುಕ್ಷಣ ಸೌಟು ಹಿಡಿದುಕೊಂಡು ಹೊಳೆಯ ಸೋಪಾನದ ಮೇಲೆ ನಿಂತಿದ್ದೆ. ನನ್ನ ಪಕ್ಕದಲ್ಲಿ ಒಬ್ಬಳು ಅರ್ಧ ಜಡೆ ಹೆಣೆದುಕೊಂಡು, ಇನ್ನೊಬ್ಬಳು ಬಾಯಿ ತುಂಬ ಹಲ್ಲುಪುಡಿ ನೊರೆ ಇಟ್ಟುಕೊಂಡು, ಮತ್ತೊಬ್ಬಳು ಲಟ್ಟಣಿಗೆ ಎತ್ತಿ ಹಿಡಿದುಕೊಂಡು. ನದಿ ಬೀದಿಯ ಹೆಂಗಸರೆಲ್ಲ ಮೆಟ್ಟಿಲು ಮೆಟ್ಟಿಲಲ್ಲೂ ಕಣ್ಣು ಬಿಡುತ್ತ ನಿಂತಿದ್ದರು. ಕೆಳಗಿನ ಮೆಟ್ಟಿಲಲ್ಲಿ ಪಂಚಾಯ್ತಿ ಅಧ್ಯಕ್ಷ ಶಿವನಂಜಪ್ಪನವರು ಬೆವರು ಒರೆಸಿಕೊಳ್ಳುತ್ತಿದ್ದರು.

"ಯಾವನ್ರೀ ಅದು ಬಾಯಿ ಬಿಟ್ಟವನು?" ಎಂದು ಲಟ್ಟಣಿಗೆಯವಳು ಕೂಗಿದಳು.

"ನಾನೇ ಕಣಮ್ಮ" ಎಂದರು ಶಿವನಂಜಪ್ಪನವರು. "ದ ವಿಮೆನ್ ಆರ್ ಆನ್ ದ ಸ್ಟೆಪ್ಸ್ ಅಂದೆ. ನನಗೆ ಬರೋದೇ ಅಷ್ಟು ಇಂಗ್ಲಿಷು. ದ್ಯಾವಮ್ಮನೂ ಬಂದ್ಬಿಡ್ತಾಳೆ ಅಂದ್ಕೊಂಡೆ. ನೀವೆಲ್ಲ ಬಂದ್ರಿ, ಅವಳೊಬ್ಬಳು ಬರ್ಲಿಲ್ಲ."

ಆಗ ಹೊಳೆಯ ಕಡೆ ನೋಡಿದೆ. ಮೇಲಿನ ಅಣೆಕಟ್ಟೆಯ ಬಾಗಿಲು ತೆಗೆದಿದ್ದರು. ಎಲ್ಲೋ ದೂರದ ಬೆಟ್ಟಗಳಲ್ಲಿ ಮಳೆಯಂತೆ, ನಮ್ಮಲ್ಲಿ ಮಾತ್ರ ಸುಡುಬಿಸಿಲು. ಮೊಳಕಾಲುದ್ದ ಹರಿಯುತ್ತಿದ್ದ ಹೊಳೆ ಕೆಂಪಾಗಿ, ಕಿವಿ ಕಿವುಡಾಗುವ ಹಾಗೆ ಮೊರೆಯುತ್ತಿತ್ತು. ನಡುಗಡ್ಡೆ ಒಂದು ಚಾಪೆಯಷ್ಟು ಕಾಣುತ್ತಿತ್ತು. ಅದರ ಮೇಲೆ ಒಂದು ಗುಡಿಸಲು, ಒಂದು ಮೇಕೆ, ಒಬ್ಬಳು ದ್ಯಾವಕ್ಕ. ನನ್ನ ಜೀವ ಬಾಯಿಗೆ ಬಂತು.

"ದ್ಯಾವಕ್ಕಾ" ಎಂದು ಕೂಗಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಈರಭದ್ರ ಹರಿಗೋಲನ್ನು ಮೆಟ್ಟಿಲಿಗೆ ಒತ್ತಿ ಹಿಡಿದು ನಿಂತಿದ್ದ. "ಮೇಲಿನ ತಿರುವಿನಿಂದ ತೇಲಿಬಿಟ್ರೆ ಗಡ್ಡೆಗೆ ಹೋಗಿ ತಗುಲಿಸಬಲ್ಲೆ ಮಿಸ್ಸಮ್ಮೋರೆ. ಹುಟ್ಟು ಹಾಕ್ಕೊಂಡು ವಾಪಸ್ ಬರೋಕೆ ಈ ಸೆಳವಲ್ಲಿ ನಮ್ಮಪ್ಪನ ಕೈಲೂ ಆಗಲ್ಲ. ಹೋಗೋದು ನನ್ನ ಕೈಲಿ ಅದೆ. ಬರೋದು ನಿಮ್ಮ ಬಾಯಲ್ಲಿ ಅದೆ."

ಅರ್ಥವಾಯಿತು. ಶಿವನಂಜಪ್ಪನವರಿಗೂ ಅರ್ಥವಾಯಿತು. ಹಾಳಾದ್ದು, ಈಗ ಅವರಿಗೆ ನಿರ್ಣಯ ನೆನಪಾಯಿತು. "ಮಿಸ್ಸಮ್ಮಾ, ಮನುಷ್ಯರನ್ನ ಎತ್ತೋ ಹಾಗಿಲ್ಲ ಅಂತ ಸಭೇಲಿ..."

"ಈಗ ಬೀದಿ ಹೆಂಗಸರನ್ನೆಲ್ಲ ಎತ್ತಿ ತಂದ್ರಲ್ಲ, ಅವರೇನು ಸೌಟುಗಳಾ? ನಿಮ್ಮ ನಿರ್ಣಯಾನ ಬೋರಲು ಹಾಕಿ ಇಟ್ಕೊಳ್ಳಿ" ಎಂದೆ. ನನ್ನ ಕೈಯಲ್ಲಿದ್ದ ಸೌಟನ್ನು ಅವರ ಕೈಗೇ ಕೊಟ್ಟು ಹರಿಗೋಲು ಹತ್ತಿದೆ. ನನಗೆ ಈಜು ಬರುವುದಿಲ್ಲ, ಹರಿಗೋಲು ಎಂದರೆ ತಲೆ ತಿರುಗುತ್ತದೆ. ಇವೆರಡೂ ಹತ್ತಿ ಕೂತ ಮೇಲೆ ನೆನಪಾದವು.

ಹರಿಗೋಲು ಒಬ್ಬಟ್ಟಿನ ಕಾವಲಿ ಮೇಲೆ ಬೆಣ್ಣೆ ಉಂಡೆ ತಿರುಗಿದ ಹಾಗೆ ತಿರುಗಿತು. ಕಣ್ಣು ಮುಚ್ಚಿಕೊಂಡು ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಧಡ್ ಎಂದು ಗಡ್ಡೆಗೆ ಬಡಿದೆವು. ನಾನು ಉರುಳಿ ಮರಳಿನ ಮೇಲೆ ಬಿದ್ದೆ, ಈರಭದ್ರ ಹಾರಿದ, ಹರಿಗೋಲು ಮಾತ್ರ ನಮಗೆ ನಮಸ್ಕಾರ ಹೇಳಿ ಹೊಳೆಯ ಪಾಲಾಯಿತು. "ನನ್ನ ಹೆಂಡ್ತಿ ಬಳೆ ಮಾರಿ ತಗೊಂಡಿದ್ದ ಹರಿಗೋಲು" ಎಂದು ಅವನು ತಲೆ ಮೇಲೆ ಕೈ ಹೊತ್ತು ಕೂತ.

ದ್ಯಾವಕ್ಕ ನನ್ನನ್ನು ನೋಡಿದಳು. ಎಷ್ಟು ವರ್ಷವಾಗಿತ್ತು ಆ ಮುಖ ಹತ್ತಿರದಿಂದ ನೋಡಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಬ್ಬಿಕೊಳ್ಳಬೇಕು ಎನಿಸಿತು. ಅವಳು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕಂಚಿನ ಲೋಟವನ್ನು ಭದ್ರ ಮಾಡಿಕೊಂಡು, ಮರಳಿನ ಮೇಲೆ ದಡಕ್ಕನೆ ಬೋರಲು ಮಲಗಿಬಿಟ್ಟಳು.

"ಅಯ್ಯಯ್ಯೋ, ಬೋರಲಾದ್ರಲ್ಲ!" ಎಂದ ಈರಭದ್ರ.

"ದ್ಯಾವಕ್ಕಾ, ಏಳೇ. ನೀರು ಏರ್ತಾ ಇದೆ."

"ಏರ್ಲಿ." ಮರಳಿಗೆ ಮುಖ ಹಚ್ಚಿಕೊಂಡೇ ಹೇಳಿದಳು. "ನೀನು ಯಾತಕ್ಕೆ ಬಂದಿದೀಯ ಗೊತ್ತು. ನನ್ನ ನಿನ್ನ ಬಾಯಲ್ಲಿ ಎತ್ತಿಕೊಂಡು ಹೋಗಿ ಯಾವನ ಮನೇಲೋ ಬಿಸಾಕ್ತೀಯ. ನನ್ನ ಲೋಟ ಕಳೆದ ಹಾಗೆ ನಾನೂ ಕಳೆದುಹೋಗ್ಬೇಕಾ? ನೀವಿಬ್ರು ಹೊರಡ್ರಿ. ಇಬ್ರಿದ್ದೀರಲ್ಲ, ಸಾಕು ಅದಕ್ಕೆ."

ಅದೇ ನೋಡಿ ಸಂಕಟ. ನಾನು ಬಾಯಿ ಬಿಟ್ಟರೆ ನಾನೂ ಈರಭದ್ರನೂ ಎದ್ದು ಹೋಗುತ್ತಿದ್ದೆವು. ಬೋರಲು ಮಲಗಿದ ದ್ಯಾವಕ್ಕ ಇಲ್ಲೇ ಉಳಿಯುತ್ತಿದ್ದಳು, ಒಂಟಿಯಾಗಿ. ಆಮೇಲೆ ಒಂಟಿಯನ್ನು ಕರೆಸುವ ಮಾತು ಯಾವ ಭಾಷೆಯಲ್ಲೂ ನನಗೆ ಗೊತ್ತಿರಲಿಲ್ಲ. ಈರಭದ್ರ ಅವಳ ಹೆಗಲಿಗೆ ಕೈ ಹಾಕಿ ಮಗುಚಲು ನೋಡಿದ. ಅವಳು ಕಲ್ಲಂಗಡಿ ಬಳ್ಳಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಅವನ ಮೊಣಕಾಲಿಗೆ ಒದ್ದಳು. ಅವನು ಹಿಂದಕ್ಕೆ ಬಿದ್ದ. ಮೇಕೆ ಗಾಬರಿಯಾಗಿ ಕೂಗಿತು. ನೀರು ಗುಡಿಸಲಿನ ಹೊಸಿಲಿಗೆ ಬಂತು.

ನನಗೆ ಸಿಟ್ಟು ನೆತ್ತಿಗೇರಿತು. ಮರಳಿನ ಮೇಲೆ ಅವಳ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತೆ. "ಸರಿ. ನೀನು ಏಳೋವರೆಗೂ ನಾನು ಬಾಯಿ ಬಿಡಲ್ಲ. ಮೂವರೂ ಹೋಗೋಣ, ಹೊಳೇಗೆ."

"ಮಿಸ್ಸಮ್ಮೋರೆ! ನನಗೆ ಹೆಂಡ್ತಿ ಅವ್ಳೆ!" ಎಂದು ಈರಭದ್ರ ಕೈ ಮುಗಿದ. "ಹರಿಗೋಲು ಹೋಯ್ತು ಅಂತ ಅವಳ ಕೈಲಿ ಬೈಸಿಕೊಳ್ಳೋದಾದ್ರೂ ಬ್ಯಾಡ್ವಾ ನಾನು?"

"ಹೋಗೇ, ಹುಚ್ಚು ಮುಂಡೇದೆ" ಎಂದಳು ದ್ಯಾವಕ್ಕ, ತಲೆ ಎತ್ತದೆಯೇ. "ನನಗೋಸ್ಕರ ಯಾಕೆ ಸಾಯ್ತೀಯ? ನಾನು ನಿನಗೇನಾಗ್ಬೇಕು?"

"ಏನಾಗ್ಬೇಕು ಅಂತ ಕೇಳ್ತೀಯಾ?" ಎಂದೆ. "ಇವತ್ತು ಚಟ್ನಿ ರುಬ್ಬಿ ಉಪ್ಪು ನೋಡು ಬಾ ದ್ಯಾವಕ್ಕ ಅಂತ ಗೋಡೆ ಕಡೆ ತಿರುಗಿ ಕೂಗಿದೀನಿ. ಇಷ್ಟು ವರ್ಷ ಆದ್ರೂ ಬಾಯಿಗೆ ಅಭ್ಯಾಸ ತಪ್ಪಿಲ್ಲ. ಗೋಡೆಯಿಂದ ಏನು ಬರ್ತದೆ ಗೊತ್ತಾ? ಠಣ್ ಅಂತ ಸದ್ದು."

ಅವಳ ಒಂದು ಕಣ್ಣು ಮರಳಿನಿಂದ ಮೇಲೆ ಬಂತು. "ಯಾವ ಸದ್ದು? ನಮ್ಮನೆಗೆ ಬೀಗ ಹಾಕಿದೆ. ಬೀಗದಕೈ ನನ್ನ ಸೊಂಟದಲ್ಲಿದೆ."

"ಬೀಗ ಹಾಕಿದ್ರೇನು, ಅಡುಗೆಮನೆ ಅಡುಗೆಮನೆ ಅಲ್ವಾ? ನಾನು ಇನ್ ದ ಕಿಚನ್ಸ್ ಅಂದ್ರೆ ನಿನ್ನ ಅಡುಗೆಮನೆಯೂ ಸೇರ್ತದೆ. ನಿನ್ನದನ್ನ ಬಿಟ್ಟು ಮಿಕ್ಕಿದ್ದು ಅನ್ನೋಕೆ ನನಗೆ ಬರಲ್ಲ. ಬಂದ್ರೂ ಅನ್ನಲ್ಲ. ದಿನಾ ಬೆಳಿಗ್ಗೆ ಒಂದೋ ಎರಡೋ ಅಲ್ಲಿಗೆ ಹೋಗಿ ಬೀಳ್ತವೆ. ಹೊರಗೆ ತಂದು ಕಟ್ಟೆಗೆ ಹಾಕೋರು ಯಾರೂ ಇಲ್ಲ. ಇಷ್ಟು ವರ್ಷದ್ದು ಅಲ್ಲೇ ಬಿದ್ದಿದಾವೆ. ಊರಲ್ಲಿ ಲೋಟ ಕಮ್ಮಿಯಾಗಿ, ಶಿವನಂಜಪ್ಪನೋರ ಮನೇಲಿ ತೆಂಗಿನ ಚಿಪ್ಪಲ್ಲಿ ಕಾಫಿ ಕುಡೀತವ್ರೆ."

"ಬೀಗ ಒಡೀಬಾರ್ದಿತ್ತಾ?"

"ನಿನ್ನ ಮನೆ. ನೀನು ಬಂದು ತೆಗೀತೀಯ ಅಂತ ಕಾದೆ."

ದ್ಯಾವಕ್ಕ ಮಗ್ಗುಲಾದಳು. ನಾನು ಉಸಿರು ಬಿಗಿಹಿಡಿದೆ. "ಅಂದ್ರೆ," ಎಂದಳು ನಿಧಾನಕ್ಕೆ, "ಇಷ್ಟು ವರ್ಷ ಊರಿನೋರ ಲೋಟ ಎಲ್ಲಾ ಬಚ್ಚಿಟ್ಕೊಂಡಿರೋ ಕಳ್ಳಿ ನಾನು?"

"ಹೌದು ಕಣೇ. ನೀನೇ ದೊಡ್ಡ ಕಳ್ಳಿ."

ಅವಳ ಹೊಟ್ಟೆ ಕುಲುಕಲು ಶುರುವಾಯಿತು. ಮೊದಲು ಅಳು ಎಂದುಕೊಂಡೆ. ಅಲ್ಲ, ನಗು. ಎದ್ದು ಕೂತು, ಮೂಗಿನ ತುಂಬ ಮರಳು ಅಂಟಿಸಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಗಡ್ಡೆಯ ಅಂಚಿನಲ್ಲಿ ನಿಂತಿದ್ದ ಈರಭದ್ರ ಇಬ್ಬರನ್ನೂ ನೋಡಿ, "ನೀರು ನನ್ನ ಮೊಣಕಾಲಿಗೆ ಬಂತು, ಮಹಾತಾಯಂದಿರಾ" ಎಂದ.

"ಮೇಕೆ?" ಎಂದಳು ದ್ಯಾವಕ್ಕ. "ಅದು ಒಂದೇ ಅಲ್ವೇನೇ ಇರೋದು?"

"ಅದನ್ನೂ ನಾವು ಅಂದ್ಕೊಂಡ್ರಾಯ್ತು, ಹಿಡ್ಕೊ" ಎಂದೆ. ಅವಳು ಎದ್ದು ನಿಂತು ಮೇಕೆಯ ಕಿವಿ ಹಿಡಿದಳು. ನಾನೂ ಎದ್ದು ಅವಳ ಕೈ ಹಿಡಿದೆ. ಹಿಡಿಯಬೇಕೆಂದು ನಿಯಮವೇನೂ ಇಲ್ಲ, ಹಿಡಿಯಬೇಕೆನಿಸಿತು. ಆ ಕೈ ಹಿಂದಿನಂತೆಯೇ ಒರಟಾಗಿತ್ತು, ಬೆಚ್ಚಗಿತ್ತು. ನೀರು ನಮ್ಮ ಮಂಡಿ ಮೀರುತ್ತಿದ್ದಾಗ ಇದ್ದಬದ್ದ ದನಿಯನ್ನೆಲ್ಲ ಸೇರಿಸಿ ಕೂಗಿದೆ: "ವಿ ಆರ್ ಇನ್ ದ ಹೌಸಸ್!"

ಕಣ್ಣು ಬಿಟ್ಟರೆ ನನ್ನ ಮನೆಯ ಅಡುಗೆ ಒಲೆಯ ಮುಂದೆ ಇದ್ದೆ. ಒಗ್ಗರಣೆ ಸೀದು ಕರಕಲಾಗಿತ್ತು. ನನ್ನ ಕೈ ಖಾಲಿ.

ಬೀದಿಗೆ ಓಡಿದೆ. ಈರಭದ್ರ ಶಿವನಂಜಪ್ಪನವರ ಮನೆಯ ತೊಟ್ಟಿಲಲ್ಲಿ ಕಾಲು ಹೊರಗೆ ಚಾಚಿಕೊಂಡು ಬಿದ್ದಿದ್ದಾನೆಂದು ಜನ ಕೂಗಾಡುತ್ತಿದ್ದರು. ಮೇಕೆ ಪೂಜಾರಿಗಳ ಮನೆಯಲ್ಲಿ ಸತ್ಯನಾರಾಯಣ ಪೂಜೆಗೆ ಕಟ್ಟಿದ್ದ ಬಾಳೆಕಂದನ್ನು ಮೇಯುತ್ತಿತ್ತು. ಅವನಿದ್ದಾನೆ, ಅದಿದೆ. ದ್ಯಾವಕ್ಕ? ಮನೆ ಮನೆಯ ಬಾಗಿಲು ಬಡಿದೆ. "ದ್ಯಾವಕ್ಕ ಬಂದಳಾ ನಿಮ್ಮನೆಗೆ?" ಇಲ್ಲ, ಇಲ್ಲ, ನಮ್ಮಲ್ಲಿಗೆ ಬಂದಿಲ್ಲ. ಅವಳು ಆವತ್ತು ಲೋಟಕ್ಕಾಗಿ ಕೇಳಿದ ಮನೆಗಳಲ್ಲೇ ನಾನು ಅವಳಿಗಾಗಿ ಕೇಳುತ್ತಿದ್ದೆ. ಸೋಪಾನಕ್ಕೆ ಓಡಿ ನೋಡಿದೆ. ಗಡ್ಡೆ ಇದ್ದ ಜಾಗದಲ್ಲಿ ಕೆಂಪು ನೀರು, ಗುಡಿಸಲಿನ ಸೋಗೆ ತಿರುಗುತ್ತ ಹೋಗುತ್ತಿತ್ತು. ನಾನು ಕೂಗುವಾಗ ಅವಳು ಮತ್ತೆ ಬೋರಲಾಗಿಬಿಟ್ಟಳಾ? ಕೈ ಹಿಡಿದಿದ್ದೆನಲ್ಲ, ಬಿಡಿಸಿಕೊಂಡಳಾ? ಹೇಗೋ ಮನೆಗೆ ಬಂದು, ಹಿತ್ತಲಲ್ಲಿ, ಹೊಸ ಸೊಸೆಯಾಗಿದ್ದಾಗ ಕೂತು ಅತ್ತಿದ್ದೆನಲ್ಲ, ಅದೇ ಜಾಗದಲ್ಲಿ ಕೂತು ಅತ್ತೆ.

ಗೋಡೆಯಾಚೆ ಠಣ್ ಎಂದಿತು. ಆಮೇಲೆ ಠಣ್ ಠಣ್ ಠಣಾರ್ ಎಂದು ಒಂದು ರಾಶಿಯೇ ಕುಸಿದ ಸದ್ದು.

"ಸಾಕೀ!" ಎಂದು ಒಳಗಿನಿಂದ ದನಿ ಬಂತು. "ಎಲ್ಲಿ ಸತ್ತಿದೀಯೇ? ಕಾಲಿಡೋಕೆ ಜಾಗ ಇಲ್ಲ ಇಲ್ಲಿ, ಲೋಟದ ಮಧ್ಯ ಹೂತುಹೋಗಿದೀನಿ. ಬಂದು ಬಾಗಿಲು ತೆಗಿ."

ಹೊರಗೆ ಬೀಗ, ಒಳಗೆ ದ್ಯಾವಕ್ಕ. ಕಿಟಕಿಯ ಸರಳಿನಿಂದ ಬೀಗದಕೈ ಎಸೆದಳು, ನಾನು ನಗುತ್ತ ಅಳುತ್ತ ತುಕ್ಕು ಹಿಡಿದ ಬೀಗದ ಜೊತೆ ಗುದ್ದಾಡಿದೆ. ಬಾಗಿಲು ತೆರೆದರೆ, ಅಬ್ಬಬ್ಬಾ, ಅಡುಗೆಮನೆಯ ನೆಲವೇ ಕಾಣುತ್ತಿರಲಿಲ್ಲ. ಗೃಹಪ್ರವೇಶದ ಲೋಟ, ಸೀಮಂತದ ಲೋಟ, ನಾಮಕರಣದ ಲೋಟ, ತಟ್ಟೆ, ಸೌಟು, ಎಲ್ಲ ಧೂಳು ಹಿಡಿದು ಸೊಂಟದೆತ್ತರ ಬಿದ್ದಿದ್ದವು. ನಡುವೆ ಕೂತ ದ್ಯಾವಕ್ಕ ಒಂದೊಂದನ್ನೇ ಎತ್ತಿ ಹೆಸರು ಓದುತ್ತಿದ್ದಳು. "ಇದು ಈರಭದ್ರನ ಮಾವನದು. ಅಯ್ಯೋ, ಇದು ಪದ್ಮನಾಭ ಮೇಷ್ಟ್ರದು, ಪಾಪ." ಆಮೇಲೆ ರಾಶಿಯೊಳಗೆ ಆಳಕ್ಕೆ ಕೈ ಹಾಕಿದಳು.

ರಾಶಿಯ ತಳದಿಂದ ಅವಳ ಕೈ ಎತ್ತಿದ್ದು ಕಂಚಿನ ಲೋಟ. ಕಪ್ಪಾಗಿತ್ತು. ಅಂಚಿನ ಸುತ್ತ ಚುಕ್ಕಿ ಇತ್ತು. ಸೊಂಟದಿಂದ ಇನ್ನೊಂದನ್ನು ತೆಗೆದು ಪಕ್ಕದಲ್ಲಿ ಹಿಡಿದಳು. ಎರಡೂ ಒಂದೇ. ಎಲ್ಲೆಲ್ಲಿ ಸುತ್ತಿ ಬಂದಿತೋ, ಯಾರ ಮನೆಯ ಸಂದಿಯಲ್ಲಿ ಸಿಕ್ಕಿಕೊಂಡಿತ್ತೋ ಯಾರಿಗೂ ಗೊತ್ತಿಲ್ಲ. ರಾಶಿಯ ತೀರಾ ತಳದಲ್ಲಿ ಇತ್ತೆಂದ ಮೇಲೆ, ಅವಳು ಬೀಗ ಹಾಕಿ ಹೋದ ಕೆಲವೇ ದಿನಕ್ಕೆ ಮನೆಗೆ ಬಂದು ಅವಳಿಗಾಗಿ ಕಾದಿರಬೇಕು.

"ನಾನು ಇದ್ದಿದ್ರೆ ಸಿಕ್ಕಿರೋದು" ಎಂದಳು. ಅವಳು ಅತ್ತಳು, ನಾನು ಪಕ್ಕದಲ್ಲಿ ಕೂತೆ.

ಆ ದಿನ ಊರಿಗೆ ಊರೇ ಅವಳ ಮನೆಯ ಮುಂದೆ ನೆರೆದಿತ್ತು. ಯಾರೂ ಅವಳನ್ನು ಕಳ್ಳಿ ಎನ್ನಲಿಲ್ಲ, ಅವಳೇ ಎಲ್ಲರಿಗೂ ಹೇಳಿಕೊಂಡು ನಕ್ಕಳು. ಶಿವನಂಜಪ್ಪನವರು ತಮ್ಮ ಗೃಹಪ್ರವೇಶದ ಲೋಟ ಹಿಡಿದು, ಈರಭದ್ರನಿಗೆ ಪಂಚಾಯ್ತಿಯಿಂದ ಹೊಸ ಹರಿಗೋಲು ಕೊಡಿಸುವುದಾಗಿ ಎಲ್ಲರೆದುರು ಒಪ್ಪಿಕೊಂಡರು. ನನ್ನ ಸೌಟನ್ನು ಮಾತ್ರ ವಾಪಸು ಕೊಡಲಿಲ್ಲ.

ಮಾರನೆಯ ಬೆಳಿಗ್ಗೆ ಗೋಡೆಯ ಮೇಲಿಂದ ಕೈ ಇಳಿಯಿತು. ಹುಣಸೆಹಣ್ಣಿನಲ್ಲಿ ತಿಕ್ಕಿ ಫಳಫಳ ಮಾಡಿದ ಕಂಚಿನ ಲೋಟ, ಲೋಟದ ತುಂಬ ಕಾಫಿ. ಒಂದರಲ್ಲಿ ನಾನು ಕುಡಿದೆ, ಇನ್ನೊಂದರಲ್ಲಿ ಅವಳು. ಸಕ್ಕರೆ ಜಾಸ್ತಿಯಾಗಿತ್ತು, ಹೇಳಲಿಲ್ಲ. ಆಮೇಲೆ ಇಬ್ಬರೂ ಕೊಳಾಯಿ ಕಟ್ಟೆಗೆ ಹೋದೆವು. ಹೆಂಗಸರೆಲ್ಲ ಸರಿದು ದ್ಯಾವಕ್ಕನಿಗೆ ಜಾಗ ಕೊಟ್ಟರು. ಅವಳು ಜೋಡಿ ಲೋಟವನ್ನು ತೊಳೆದಳು, ಸೆರಗಿನಲ್ಲಿ ಒರೆಸಿದಳು. ನಾನು ಮೆಟ್ಟಿಲು ಹತ್ತಿ ನಿಂತು, ಅವಳು ಬೋರಲು ಹಾಕುವುದನ್ನೇ ಕಾಯುತ್ತಿದ್ದೆ.

ಅವಳು ಎರಡನ್ನೂ ಊರಿನ ಲೋಟಗಳ ನಡುವೆ ನೆಟ್ಟಗೆ ಇಟ್ಟಳು.

"ದ್ಯಾವಕ್ಕ, ಬೋರಲು ಹಾಕು, ಮರೆತೆಯಾ?" ಎಂದೆ.

"ಮರೆತಿಲ್ಲ. ಹೋಗ್ಲಿ ಬಿಡು" ಎಂದಳು ಅವಳು, ಸೊಂಟಕ್ಕೆ ಸೆರಗು ಸಿಕ್ಕಿಸುತ್ತ. "ನಾಳೆಯಿಂದ ಯಾರ್ಯಾರ ಮನೇಲಿ ಇದಾವೆ ಅಂತ ಹುಡುಕಿಕೊಂಡು ಹೋಗ್ತೀನಿ. ಹೋದ ಮನೇಲೆಲ್ಲ ಕಾಫಿ ಕೊಡದೆ ಇರ್ತಾರಾ? ನೀನೂ ಬಾ ಜೊತೆಗೆ. ಹ್ಞೂಂ, ಏನು ನೋಡ್ತಾ ನಿಂತೆ, ಹೇಳೇ ನಿನ್ನ ಇಂಗ್ಲಿಷು."

ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ.